ಗ್ಲಾಸ್‌ವುಲ್ ಹಾಕಿಸಿದ ಮೇಲೂ ಸೆಕೆ, ಸೀಲಿಂಗಲ್ಲಿ ಕಲೆ, ವಾಸನೆ: ಎಲ್ಲಿಂದ ನೋಡಿಕೊಂಡು ಬರುದು

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಮನೆಗೆ ಶೀಟಿನ ಮಾಡು ಮಾಮೂಲಾಗಿದೆ. ಕೆಲವರು ಟೆರೇಸಿನ ಮೇಲೆ ಟ್ರಸ್ ಹೊಡೆಸಿ ಶೀಟು ಹಾಕ್ತಾರೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸ್ಲಿಕ್ಕೂ ಆಯ್ತು ಅಡಿಕೆ ರಾಶಿ ಹಾಕ್ಲಿಕ್ಕೂ ಆಯ್ತು ಅಂತ. ಹಳೇ ಹಂಚಿನ ಮನೆಯವರು ಪಕ್ಕಾಸಿನ ಅಡಿಗೆ ಜಿಪ್ಸಮ್ ಸೀಲಿಂಗ್ ಹೊಡೆಸ್ತಾರೆ. ಮತ್ತೆ ಸೆಕೆ ತಡಿಲಿಕ್ಕೆ ಅಂತ ಗ್ಲಾಸ್‌ವುಲ್ ರೋಲು (ಗಾಜಿನ ನೂಲಿನ ಹತ್ತಿಯಂಥ ಹಾಸು) ತಂದು ಹಾಸುದು. ಮೊದಲ ಬೇಸಿಗೆಗೆ ಖುಷಿ, ಒಂದು ಮಳೆಗಾಲ ಕಳೆದ ಮೇಲೆ ತಕರಾರು ಶುರು.

ಆಗ ಎಲ್ಲರೂ ಹೇಳುದು "ಮಾಲು ಡೂಪ್ಲಿಕೇಟು" ಅಂತ. ನಾನು ಅದನ್ನು ಕೊನೆಗೆ ನಂಬ್ತೇನೆ. ಗಾಜಿನ ನೂಲು ಕೊಳೆಯುದಿಲ್ಲ, ಗೆದ್ದಲಿಗೆ ಅದು ಆಹಾರ ಅಲ್ಲ. ಸೆಕೆ ತಡಿಯುದು ನಿಜವಾಗಿ ಆ ನೂಲುಗಳ ನಡುವೆ ಅಲ್ಲಾಡದೆ ನಿಂತ ಗಾಳಿ, ಆ ಗಾಳಿ ಓಡಾಡ್ಲಿಕ್ಕೆ ಶುರು ಮಾಡಿದ್ರೆ ಅಥವಾ ಅದರ ಜಾಗಕ್ಕೆ ನೀರು ಬಂದು ಕೂತ್ರೆ ಎಷ್ಟು ದುಡ್ಡು ಕೊಟ್ಟ ಮಾಲಾದ್ರೂ ಅಷ್ಟೆ. ವರ್ಷಕ್ಕೆ 3000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುವ ಊರು ನಮ್ಮದು. ಹಾಗಾಗಿ ಕೆಳಗೆ ಬರೆದದ್ದರಲ್ಲಿ ಹೆಚ್ಚಿನದ್ದು ಗಾಳಿ ಎಲ್ಲಿಂದ ನುಗ್ಗುತ್ತದೆ, ನೀರು ಎಲ್ಲಿಂದ ಬರ್ತದೆ ಅಂತ ಹುಡುಕುದೇ.

ಮೇಲೆ ಹತ್ತುವ ಮೊದಲು

ಬೆಳಿಗ್ಗೆ 7ರ ಒಳಗೆ ಹತ್ತಿ, ಬಿಸಿಲು ಏರುವ ಮೊದಲು ಇಳಿರಿ. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಗಾಢ ಬಣ್ಣದ ಶೀಟಿನ ಮೈ 60 ಡಿಗ್ರಿ ದಾಟುದುಂಟು, ಅದರ ಅಡಿಯಲ್ಲಿ ಬಗ್ಗಿ ಕೂತು ಕೆಲಸ ಮಾಡಿದ್ರೆ ತಲೆ ತಿರುಗಿ ಬೀಳ್ಲಿಕ್ಕೆ ಜಾಸ್ತಿ ಹೊತ್ತು ಬೇಡ. ಮನೆಯಲ್ಲಿ ಇನ್ನೊಬ್ಬರು ಇರ್ಬೇಕು, ಏಣಿ ಹಿಡಿಲಿಕ್ಕೂ, ಕರೆದ್ರೆ ಓ ಅನ್ಲಿಕ್ಕೂ.

ಜಿಪ್ಸಮ್ ಬೋರ್ಡಿನ ಮೇಲೆ ಕಾಲು ಇಡ್ಬಾರ್ದು, ಅದು ಆಳು ತಡಿಯುದಿಲ್ಲ. ಪಕ್ಕಾಸು, ತೊಲೆ ಅಥವಾ ಟ್ರಸ್ಸಿನ ಪೈಪಿನ ಮೇಲೆ ಗಟ್ಟಿ ಹಲಗೆ ಹಾಕಿ ಅದರ ಮೇಲೆಯೇ ಹೋಗಿ. ಎನ್95 ಮಾಸ್ಕು, ಕನ್ನಡಕ, ಉದ್ದ ಕೈಯ ಅಂಗಿ, ಕೈಗವಸು ಬೇಕು, ಬಾಯಿಗೆ ಬೈರಾಸು ಕಟ್ಟಿದ್ರೆ ಸಾಕಾಗುದಿಲ್ಲ. ಮೇಲಿನ ಲೈಟಿನ ಎಂಸಿಬಿ ಆಫ್ ಮಾಡಿ, ಟಾರ್ಚ್ ಹಿಡ್ಕೊಂಡು ಹೋಗಿ.

ಇನ್ನೊಂದು ಮುಖ್ಯ. ನಿಮ್ಮದು ಹಳೇ ಬೂದು ಬಣ್ಣದ ಸಿಮೆಂಟ್ ಶೀಟಾದ್ರೆ ಅದರಲ್ಲಿ ಆಸ್ಬೆಸ್ಟಾಸ್ ಇರ್ತದೆ ಅಂತಲೇ ತಿಳ್ಕೊಳ್ಳಿ. ಅದನ್ನು ಕೊರಿಬೇಡಿ, ಉಜ್ಜಬೇಡಿ, ಒಡಿಬೇಡಿ, ಮೇಲೆ ನಡಿಲೇಬೇಡಿ. ಗ್ಲಾಸ್‌ವುಲ್ ಬೇರೆ, ಆಸ್ಬೆಸ್ಟಾಸ್ ಬೇರೆ, ಎರಡರ ಧೂಳೂ ಒಂದೇ ಅಂತ ಹೆದರ್ಬೇಡಿ, ಒಂದೇ ಅಂತ ಸಸಾರ ಮಾಡ್ಲಿಕ್ಕೂ ಹೋಗ್ಬೇಡಿ.

ಹಾಕಿಸಿದ ಮೇಲೂ ರೂಮಲ್ಲಿ ಸೆಕೆ ಕಮ್ಮಿ ಆಗ್ಲಿಲ್ಲ

ಮೊದಲು ಯಾವ ಹೊತ್ತಿಗೆ ಸೆಕೆ ಅಂತ ಗಮನಿಸಿ, ಇದಕ್ಕೆ ಖರ್ಚಿಲ್ಲ.

ಮಧ್ಯಾಹ್ನ 1ರಿಂದ 3ರ ಒಳಗೆ ರೂಮು ಕಾಯ್ತದೆ, ಸಂಜೆ ಬಿಸಿಲು ಇಳಿದ ಕೂಡ್ಲೆ ತಣಿತದೆ ಅಂತಾದ್ರೆ ಮಾಡಿನಿಂದ ಬಿಸಿ ನೇರ ಇಳಿತಾ ಉಂಟು, ಅಂದ್ರೆ ವುಲ್ಲಿನದ್ದೇ ಏನೋ ಸಮಸ್ಯೆ. ಸಂಜೆ ಆದ ಮೇಲೆಯೇ ಜಾಸ್ತಿ, ರಾತ್ರಿ 9-10 ಗಂಟೆಗೆ ಮಲಗ್ಲಿಕ್ಕಾಗುದಿಲ್ಲ ಅಂತಾದ್ರೆ ಅದು ಕಾಂಕ್ರೀಟ್ ಸ್ಲ್ಯಾಬಿನ ಕೆಲಸ, ಅಥವಾ ಪಡುವಣ ಗೋಡೆಯದ್ದು. ಹಗಲು ಕುಡಿದ ಬಿಸಿಯನ್ನು ಅದು ರಾತ್ರಿ ಬಿಡ್ತದೆ. ಅಂಥ ಕಡೆ ಸ್ಲ್ಯಾಬಿಗೆ ಬಿಸಿಲೇ ಬೀಳದ ಹಾಗೆ ಮಾಡ್ಬೇಕು, ಒಳಗೆ ಎಷ್ಟು ದಪ್ಪ ವುಲ್ ಹಾಕಿದ್ರೂ ಅದರ ಮೇಲಿನ ಸ್ಲ್ಯಾಬು ಕಾಯುದು ನಿಲ್ಲುದಿಲ್ಲ.

ಮೂರನೇದ್ದು, ಇಡೀ ದಿನ ಒಂದೇ ಥರ ಬೆವರು ಸುರಿತದೆ, ಆದ್ರೆ ಥರ್ಮಾಮೀಟರ್ ನೋಡಿದ್ರೆ 31-32 ಮಾತ್ರ. ಇದು ಕಡಲಿನ ತೇವ. ಗ್ಲಾಸ್‌ವುಲ್ ಬಿಸಿ ತಡಿತದೆ, ಗಾಳಿಯ ತೇವ ಕಮ್ಮಿ ಮಾಡುದಿಲ್ಲ. ಅದಕ್ಕೆ ಫ್ಯಾನು, ಎದುರು-ಬದುರು ಕಿಟಿಕಿ, ಇಲ್ಲಾಂದ್ರೆ ಎಸಿ. ವುಲ್ ಹಾಕಿದವನಿಗೆ ಬೈದು ಪ್ರಯೋಜನ ಇಲ್ಲ.

ಇಷ್ಟು ಆದ ಮೇಲೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತಕ್ಕೊಳ್ಳಿ ಅಥವಾ ಎಸಿ ರಿಪೇರಿಯವರ ಹತ್ರ ಕೇಳಿ. ಮಧ್ಯಾಹ್ನ 2 ಗಂಟೆಗೆ ರೂಮಿನ ಒಳಗೋಡೆಗೆ ಒಮ್ಮೆ, ಸೀಲಿಂಗಿಗೆ ಒಮ್ಮೆ ಹಿಡಿರಿ. ಸೀಲಿಂಗು ಗೋಡೆಗಿಂತ ಒಂದೆರಡು ಡಿಗ್ರಿ ಮಾತ್ರ ಜಾಸ್ತಿ ಇದ್ರೆ ವುಲ್ ಅದರ ಕೆಲಸ ಮಾಡ್ತಾ ಉಂಟು, ನೀವು ಕಿಟಿಕಿ, ಪಡುವಣ ಗೋಡೆ ಕಡೆ ನೋಡಿ. 5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಮೇಲೆ ಹತ್ಲಿಕ್ಕುಂಟು. ಒಂದು ವಿಷಯ, ವುಲ್ಲಿನ ಒಂದು ಮೈಗೆ ಅಂಟಿಸಿದ ಹೊಳೆಯುವ ಫಾಯಿಲಿನ ಮೇಲೆ ಆ ಗನ್ನು ಪೊಟ್ಟು, ಸುಳ್ಳೇ ತೋರಿಸ್ತದೆ. ಫಾಯಿಲಿನ ಮೇಲೆ ಒಂದು ತುಂಡು ಮಾಸ್ಕಿಂಗ್ ಟೇಪು ಅಂಟಿಸಿ, ಎರಡು ನಿಮಿಷ ಬಿಟ್ಟು ಟೇಪಿನ ಮೇಲೆ ಹಿಡಿರಿ, ಆಗ ನಂಬುವ ಲೆಕ್ಕ ಸಿಗ್ತದೆ.

ಕೆಲವು ಜಾಗ ಮಾತ್ರ ಬಿಸಿ

ಗನ್ನಿನಲ್ಲಿ ಸೀಲಿಂಗು ಪೂರ್ತಿ ನೋಡ್ಕೊಂಡು ಹೋದ್ರೆ ಸಾಮಾನ್ಯ ಮೂರು ಕಡೆ ಸಿಕ್ಕಿಬೀಳ್ತದೆ: ಗೋಡೆ ಸೇರುವ ಅಂಚು, ಲೈಟಿನ ಸುತ್ತ, ಎರಡು ರೋಲು ಸೇರುವ ಜಾಯಿಂಟು.

ಲೈಟು ಕಳಚಿ (ಎಂಸಿಬಿ ಆಫ್ ಮಾಡಿಯೇ) ಆ ತೂತಲ್ಲಿ ಫೋನ್ ಕ್ಯಾಮರಾ ಮೇಲೆತ್ತಿ ಸುತ್ತ ವಿಡಿಯೋ ಮಾಡಿ, ಹತ್ತದೆಯೇ ಅರ್ಧ ವಿಷಯ ಗೊತ್ತಾಗ್ತದೆ. ಜಾಯಿಂಟಲ್ಲಿ ಎರಡು ಬೆರಳು ಹೋಗುವಷ್ಟು ಸಂದು ಇದ್ರೆ ಬಿಸಿ ಗಾಳಿ ಅಲ್ಲಿಂದಲೇ ಇಳಿತದೆ, ಉಳಿದ ಕಡೆ ಎಷ್ಟು ಚಂದ ಹಾಸಿದ್ರೂ. ಸಂದಿಗೆ ತುಂಡು ಕತ್ತರಿಸಿ ಇಟ್ರೆ ಸಾಕು, ತುರುಕುದು ಬೇಡ.

ತುರುಕುದರ ಬಗ್ಗೆ ಹೇಳ್ಬೇಕು. 100 ಎಂಎಂ ರೋಲನ್ನು 50 ಎಂಎಂ ಜಾಗಕ್ಕೆ ಒತ್ತಿ ಕೂರಿಸಿ "ದಪ್ಪ ಮಾಲು ಹಾಕಿದ್ದೇವೆ" ಅಂತ ಹೇಳುವವರುಂಟು. ಒತ್ತಿದ್ರೆ ದಪ್ಪ ಹೋಯ್ತು, ದಪ್ಪದ ಒಟ್ಟಿಗೆ ತಡಿಯುವ ಶಕ್ತಿಯೂ ಹೋಯ್ತು. ಸ್ಕೇಲು ಇಟ್ಟು ನಾಲ್ಕು ಕಡೆ ದಪ್ಪ ಅಳೆರಿ, ಬಿಲ್ಲಲ್ಲಿ ಬರೆದದ್ದಕ್ಕೆ ತಾಳೆ ನೋಡಿ. ವಯರಿನ ಮೇಲೆ, ಚಾನೆಲಿನ (ಬೋರ್ಡು ಕೂರಿಸುವ ತಗಡಿನ ಪಟ್ಟಿ) ಮೇಲೆ ವುಲ್ ಡೇರೆ ಥರ ಎದ್ದು ನಿಂತು ಅಡಿಯಲ್ಲಿ ಟೊಳ್ಳು ಬಿಟ್ಟಿದ್ರೆ ಅದೂ ದೋಷವೇ.

ಶೀಟಿನ ಅಡಿಗೆ ಬಲೆ ಕಟ್ಟಿ ಹಾಕಿದ ವುಲ್ ಆದ್ರೆ ಜೋಲು ಬಿದ್ದಿದೆಯಾ ನೋಡಿ. ನಡುವಲ್ಲಿ ಹೊಟ್ಟೆ ಬಂದದ್ದು ಎರಡೇ ಕಾರಣಕ್ಕೆ, ಒಂದು ಬಲೆಯ ಕಟ್ಟು ಸಡಿಲಾಗಿದೆ, ಇನ್ನೊಂದು ಒಳಗೆ ನೀರು ಕುಡಿದು ಭಾರ ಆಗಿದೆ. ಕೈಯಲ್ಲಿ ಮೆಲ್ಲ ಎತ್ತಿ ನೋಡಿ, ಹಗುರ ಇದ್ರೆ ಕಟ್ಟು ಬಿಗಿ ಮಾಡಿ, ಭಾರ ಇದ್ರೆ ಮುಂದೆ ಓದಿ.

ಸೀಲಿಂಗಲ್ಲಿ ಕಲೆ, ಒದ್ದೆ, ಬೂಸ್ಟು

ಇಲ್ಲಿ ಜನ ಜಾಸ್ತಿ ಮೋಸ ಹೋಗುದು, ಮಳೆ ನೀರೇ ಅಂತ ತಿಳ್ಕೊಂಡು ಮಾಡಿಗೆ ವರ್ಷವರ್ಷ ವಾಟರ್‌ಪ್ರೂಫ್ ಬಳಿದು ಬಳಿದು ದುಡ್ಡು ಕಳ್ಕೊಳ್ತಾರೆ. ನೀರು ಬರುದು ಮೂರು ದಾರಿಯಲ್ಲಿ.

ಮಳೆ ನೀರಾದ್ರೆ ಕಲೆಗೆ ಕಂದು ಬಣ್ಣದ ಅಂಚು ಇರ್ತದೆ, ಒಂದೇ ಜಾಗದಲ್ಲಿ ಇರ್ತದೆ, ಗಾಳಿ ಮಳೆ ಬಂದ ಮರುದಿನ ದೊಡ್ಡದಾಗ್ತದೆ. ಹಂಚಿನ ಮಾಡಲ್ಲಿ ಹಂಚು ಒಡೆಯದಿದ್ರೂ ಗಾಳಿಗೆ ಎರಚಲು ಒಳಗೆ ಬರ್ತದೆ, ಮೊದಲು ಅದು ಅಟ್ಟದಲ್ಲೇ ಒಣಗ್ತಿತ್ತು, ಈಗ ಅಲ್ಲಿ ಹಾಸಿದ ವುಲ್ ಅದನ್ನು ಕುಡಿದು ಇಟ್ಕೊಳ್ತದೆ. ಶೀಟಾದ್ರೆ ಸ್ಕ್ರೂವಿನ ರಬ್ಬರ್ ವಾಶರ್ ಬಿಸಿಲಿಗೆ ಸುಟ್ಟು ಬಿರುಕು ಬಿಟ್ಟಿರ್ತದೆ, ಮೊದಲು ಅದನ್ನೇ ನೋಡಿ, ವಾಶರಿಗೆ ದೊಡ್ಡ ರೇಟಿಲ್ಲ. ಕಲೆ ಇದ್ದ ಜಾಗದ ನೇರ ಮೇಲೆಯೇ ತೂತು ಇರ್ತದೆ ಅಂತಿಲ್ಲ, ನೀರು ಪಕ್ಕಾಸಿನ ಅಥವಾ ಪೈಪಿನ ಉದ್ದಕ್ಕೆ ಹರಿದು ಎಲ್ಲೋ ಬಂದು ಬೀಳ್ತದೆ. ಒಣ ದಿನ ನೋಡಿ ಪೈಪಲ್ಲಿ ನೀರು ಬಿಡಿ, ಕೆಳಗಿನ ಅಂಚಿನಿಂದ ಶುರು ಮಾಡಿ, ಒಂದೊಂದು ಜಾಗಕ್ಕೆ 10-15 ನಿಮಿಷ ಬಿಟ್ಟು ಮೇಲೆ ಮೇಲೆ ಹೋಗಿ, ಒಳಗೊಬ್ಬರು ಟಾರ್ಚ್ ಹಿಡ್ಕೊಂಡು ಕಾಯ್ಬೇಕು. ಒಟ್ಟಿಗೇ ಎಲ್ಲ ಕಡೆ ನೀರು ಹೊಯ್ದ್ರೆ ತಲೆಬುಡ ಗೊತ್ತಾಗುದಿಲ್ಲ.

ಎರಡನೇದ್ದು ಎಸಿಯ ಡ್ರೈನ್ ಪೈಪು. ಕಲೆ ಎಸಿ ಘಟಕದ ಹತ್ರ ಅಥವಾ ಪೈಪ್ ಹೋಗುವ ದಾರಿಯಲ್ಲಿ ಇರ್ತದೆ. ಮಳೆ ಇಲ್ಲದ ದಿನ ಎರಡು ದಿವಸ ಎಸಿ ಆಫ್ ಮಾಡಿ, ಒಣಗಿದ್ರೆ ಕಳ್ಳ ಸಿಕ್ಕಿದ. ಪೈಪಿನ ಇಳಿಜಾರು, ಕಟ್ಟಿಕೊಂಡ ಲೋಳೆ, ತಾಮ್ರದ ಪೈಪಿನ ಮೇಲಿನ ಕಪ್ಪು ರಬ್ಬರ್ ಹೊದಿಕೆ ಹರಿದದ್ದು, ಇಷ್ಟೇ ನೋಡ್ಲಿಕ್ಕಿರುದು.

ಮೂರನೇದ್ದಕ್ಕೆ ಮಂಡೆ ಬಿಸಿ. ಮಳೆಯೇ ಇಲ್ಲ, ಏಪ್ರಿಲ್ ತಿಂಗಳು, ಎಸಿ ರೂಮಿನ ಸೀಲಿಂಗಲ್ಲಿ ಸ್ಕ್ರೂ ಇರುವ ಕಡೆಯೆಲ್ಲ ಸಣ್ಣ ಸಣ್ಣ ತುಕ್ಕಿನ ಚುಕ್ಕೆ, ಚಾನೆಲಿನ ಗೆರೆ ಉದ್ದಕ್ಕೆ ಬೂಸ್ಟು, ಅಂಚಿಲ್ಲದ ಮಾಸಲು ಒದ್ದೆ. ಇದು ಬೆವರಿದ ನೀರು. ಲೆಕ್ಕ ನೋಡಿ: ಹೊರಗೆ 32 ಡಿಗ್ರಿ, ತೇವ ಶೇಕಡಾ 75 ಇದ್ರೆ ಆ ಗಾಳಿ 27 ಡಿಗ್ರಿಯ ವಸ್ತುವಿಗೆ ತಾಗಿದ್ರೂ ನೀರಾಗ್ತದೆ. ನೀವು ಎಸಿ 20ಕ್ಕೆ ಇಟ್ರೆ ಜಿಪ್ಸಮ್ ಬೋರ್ಡು 22-23 ಆಗ್ತದೆ. ಅಟ್ಟದ ತೇವದ ಗಾಳಿ ವುಲ್ಲಿನ ಒಳಗಿಂದ ಇಳಿದು (ವುಲ್ ಬಿಸಿ ತಡಿತದೆ ವಿನಃ ಆವಿಯನ್ನು ತಡಿಯುದಿಲ್ಲ) ಬೋರ್ಡಿನ ಬೆನ್ನಿಗೆ ತಾಗಿ ಅಲ್ಲೇ ನೀರಾಗಿ ಕೂರ್ತದೆ. ಐಸ್ ನೀರಿನ ಲೋಟದ ಹೊರಮೈ ಬೆವರುದು ಉಂಟಲ್ಲ, ಅದೇ.

ಇಲ್ಲಿ ನೋಡ್ಬೇಕಾದ್ದು ಫಾಯಿಲು ಯಾವ ಕಡೆಗೆ ಉಂಟು ಅಂತ. ಚಳಿ ದೇಶದ ವಿಡಿಯೋ ನೋಡಿ ಆವಿ ತಡೆಯುವ ಈ ಹಾಳೆಯನ್ನು ರೂಮಿನ ಕಡೆ ಮುಖ ಮಾಡಿ ಹಾಕಿರ್ತಾರೆ, ಅಲ್ಲಿ ಸರಿ, ಯಾಕಂದ್ರೆ ಅಲ್ಲಿ ತೇವ ಒಳಗಿಂದ ಹೊರಗೆ ಹೋಗುದು. ನಮ್ಮಲ್ಲಿ ಎಸಿ ರೂಮಿಗೆ ತೇವ ಹೊರಗಿಂದ ಒಳಗೆ ಬರುದು. ಒಂದೇ ಮಾತು ನೆನಪಿಟ್ಟುಕೊಂಡ್ರೆ ಸಾಕು, ಫಾಯಿಲು ಯಾವಾಗಲೂ ಅಟ್ಟದ ಖಾಲಿ ಜಾಗದ ಕಡೆಗೆ ಮುಖ ಮಾಡಿರ್ಬೇಕು. ವುಲ್ ಸೀಲಿಂಗಿನ ಮೇಲೆ ಹಾಸಿದ್ದಾದ್ರೆ ಫಾಯಿಲು ಮೇಲಕ್ಕೆ. ಶೀಟಿನ ಅಡಿಗೆ ಕಟ್ಟಿದ್ದಾದ್ರೆ ಫಾಯಿಲು ಕೆಳಕ್ಕೆ. ಎರಡನೇದ್ದಕ್ಕೆ ಕಾರಣ, ಮೋಡ ಇಲ್ಲದ ರಾತ್ರಿ ಶೀಟು ಗಾಳಿಗಿಂತಲೂ ತಣ್ಣಗಾಗ್ತದೆ, ಅಟ್ಟದ ತೇವ ಅದರ ಅಡಿಗೆ ಹೋಗಿ ಬೆವರ್ತದೆ, ಬೆಳಿಗ್ಗೆ ವುಲ್ಲಿನೊಳಗೆ ತೊಟ್ಟಿಕ್ಕುತ್ತದೆ, ಫಾಯಿಲು ಕೆಳಗಿದ್ರೆ ತೇವ ಅಲ್ಲಿವರೆಗೆ ಹೋಗುದಿಲ್ಲ. ಎದುರಿಗೆ ಒಂದು ಇಂಚಾದ್ರೂ ಗಾಳಿ ಜಾಗ ಇದ್ರೆ ಮಾತ್ರ ಫಾಯಿಲು ಶಾಖವನ್ನು ವಾಪಸ್ ಕಳಿಸ್ತದೆ, ಬೋರ್ಡಿಗೋ ಶೀಟಿಗೋ ಅಂಟಿಕೊಂಡ ಫಾಯಿಲಿನಿಂದ ಆ ಲಾಭ ಇಲ್ಲ. ಮೇಲ್ಮುಖ ಹಾಸಿದ ಫಾಯಿಲಿಗೆ ಧೂಳು ಕೂತು ಹೊಳಪು ಹೋಗ್ತದೆ, ಹೋಗ್ಲಿ, ಆವಿ ತಡಿಯುವ ಕೆಲಸ ಆಗ್ತಾ ಇರ್ತದೆ.

ಸರಿ ಮಾಡ್ಲಿಕ್ಕೆ ಮೊದಲು ಎಸಿ 25-26ಕ್ಕೆ ಏರಿಸಿ ಎರಡು ವಾರ ನೋಡಿ, ಇದಕ್ಕೂ ಖರ್ಚಿಲ್ಲ, ಸುಮಾರು ಮನೆಗಳಲ್ಲಿ ಇಷ್ಟಕ್ಕೇ ಬೆವರುದು ನಿಲ್ತದೆ. ಆಮೇಲೆ ಫಾಯಿಲಿನ ಜಾಯಿಂಟುಗಳಿಗೆ ಅಲ್ಯೂಮಿನಿಯಂ ಟೇಪು ಹಾಕಿ (ಕಂದು ಪ್ಯಾಕಿಂಗ್ ಟೇಪು ಒಂದು ಬೇಸಿಗೆಗೇ ಬಿಟ್ಟು ಹೋಗ್ತದೆ), ಲೈಟಿನ ತೂತು, ವಯರಿನ ತೂತು, ಗೋಡೆಯ ಅಂಚು ಸೀಲಂಟಲ್ಲಿ ಮುಚ್ಚಿ. ಫಾಯಿಲು ಉಲ್ಟಾ ಇದ್ರೆ ತಿರುಗಿಸಿ ಹಾಸುದೇ ದಾರಿ. ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹಾಸಿದ್ರೆ ಎರಡು ಹಾಳೆಯ ನಡುವೆ ನೀರು ಸಿಕ್ಕಿಹಾಕ್ಕೊಂಡು ಒಣಗ್ಲಿಕ್ಕೇ ದಾರಿ ಇಲ್ಲ.

ಬೋರ್ಡು ಹೊಟ್ಟೆ ಬಂದು ಜೋತಿದ್ರೆ, ಒತ್ತಿದ್ರೆ ಮೆತ್ತಗಿದ್ರೆ ನಿಲ್ಲಿಸಿ. ಆ ರೂಮಿನ ಎಂಸಿಬಿ ಆಫ್, ಮಂಚ-ತೊಟ್ಟಿಲು ಹೊರಗೆ, ಮಕ್ಕಳು ಹೊರಗೆ, ಸೀಲಿಂಗ್‌ನವರಿಗೆ ಫೋನು. ಕೋಲಲ್ಲಿ ಚುಚ್ಚಿ ನೋಡುದು ಬೇಡ, ನೀರು ಕುಡಿದ ಬೋರ್ಡು ಇಡೀ ತಲೆ ಮೇಲೆ ಬರ್ತದೆ.

ಒದ್ದೆಯಾದ ವುಲ್ ಇಟ್ಕೊಳ್ಬಹುದಾ ಅಂತ ಕೇಳ್ತಾರೆ. ಶುದ್ಧ ಮಳೆ ನೀರು, ಒಂದೆರಡು ದಿನದ್ದು, ಆಕಾರ ಕೆಟ್ಟಿಲ್ಲ ಅಂತಾದ್ರೆ ಹೊರಗೆ ತಂದು ಬಿಡಿಸಿ ಗಾಳಿಗೆ ಒಣಗಿಸಿ ವಾಪಸ್ ಹಾಕ್ಬಹುದು. ಚಪ್ಪಟೆ ಆಗಿದ್ರೆ, ಬೂಸ್ಟು ಬಂದಿದ್ರೆ, ಇಲಿ ಮೂತ್ರದ ಅಥವಾ ಡ್ರೈನಿನ ನೀರಾದ್ರೆ ಬಿಸಾಡಿ, ಲೋಭ ಬೇಡ. ಅದರ ಅಡಿಯ ಪಕ್ಕಾಸು ಕುಂಬಾಗಿದೆಯಾ ಅಂತ ಸ್ಕ್ರೂಡ್ರೈವರಲ್ಲಿ ಒತ್ತಿ ನೋಡಿ, ಮೊನೆ ಸಲೀಸಾಗಿ ಒಳಗೆ ಹೋದ್ರೆ ವುಲ್ಲಿನ ಚಿಂತೆ ಬಿಡಿ, ಆಚಾರಿಯನ್ನು ಕರೀರಿ.

ವುಲ್ಲಿನಲ್ಲಿ ಕಪ್ಪು ಗೆರೆ

ಎಲ್ಲ ಕಪ್ಪೂ ಬೂಸ್ಟಲ್ಲ. ಜಾಯಿಂಟಿನ ಉದ್ದಕ್ಕೆ, ತೂತಿನ ಸುತ್ತ ಒಣಗಿದ ಕಪ್ಪು ಇದ್ರೆ ಅಲ್ಲಿ ಗಾಳಿ ಓಡಾಡ್ತಾ ಉಂಟು, ವುಲ್ ಅದರ ಧೂಳನ್ನು ಸೋಸಿ ಹಿಡಿದದ್ದು. ಸಂದು ಎಲ್ಲಿದೆ ಅಂತ ಅದೇ ತೋರಿಸಿಕೊಡ್ತದೆ. ಒದ್ದೆ ಇದ್ದು ಮುಗ್ಗುಲು ವಾಸನೆ ಬಂದ್ರೆ ಬೂಸ್ಟು.

ವಾಸನೆ

ಮುಗ್ಗುಲು ವಾಸನೆಗೆ ಮೇಲೆ ಹೇಳಿದ್ದೇ. ಮೀನಿನ ಥರದ ವಾಸನೆ ಬಂದ್ರೆ ಮಾತ್ರ ಸ್ವಲ್ಪ ಎಚ್ಚರ. ನಮ್ಮ ಊರಲ್ಲಿ ಪಕ್ಕದ ಮನೆಯ ಪದಾರ್ಥ ಅಂತ ಸುಮ್ಮನಿರುದು ಸಹಜ, ಆದ್ರೆ ವಯರಿನ ಪ್ಲಾಸ್ಟಿಕ್ಕು, ಹೋಲ್ಡರು ಬಿಸಿಯಾಗಿ ಸುಡ್ಲಿಕ್ಕೆ ಶುರುವಾದ್ರೂ ಅದೇ ವಾಸನೆ ಬರುದುಂಟು. ಒಂದೇ ರೂಮಲ್ಲಿ, ಲೈಟು ಹಾಕಿದ ಮೇಲೆ ಬರ್ತದಾ ನೋಡಿ. ಹೌದಾದ್ರೆ ಮೈನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಬರುವವರೆಗೆ ಹಾಕ್ಬೇಡಿ. ವಯರಿಂಗ್ ಸರಿ ಇದ್ದು, ವುಲ್ ಒದ್ದೆಯಾಗಿ ಬಿಸಿಲಿಗೆ ಕಾದಾಗ ಮಾತ್ರ ಬರುದಾದ್ರೆ ಅದು ನೂಲು ಅಂಟಿಸಿದ ಗೋಂದಿನದ್ದೂ ಆಗಿರ್ಬಹುದು, ಒಣಗಿದ್ರೆ ಹೋಗ್ತದೆ.

ಅಮೋನಿಯದ ಹಾಗೆ ಮೂಗಿಗೆ ಹೊಡೆದ್ರೆ ಇಲಿ, ಇಲ್ಲಾಂದ್ರೆ ಮರಬೆಕ್ಕು. ಇಲಿಗೆ ವುಲ್ ತಿಂಡಿ ಅಲ್ಲ, ಆದ್ರೆ ಗೂಡು ಮಾಡ್ಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಇಲ್ಲಿ ಇಲಿಜ್ವರದ ಹೆದರಿಕೆ ಉಂಟು, ಹಾಗಾಗಿ ಒಣ ಗುಡಿಸುದು ಬೇಡ, ಬರಿಗೈ ಬೇಡ, ಕೈಯಲ್ಲಿ ಕಾಲಲ್ಲಿ ಗಾಯ ಇದ್ದವರು ಹೋಗುದೇ ಬೇಡ. ಬ್ಲೀಚಿಂಗ್ ನೀರು ಚಿಮುಕಿಸಿ, ವುಲ್ ಸುತ್ತಿ ಚೀಲಕ್ಕೆ ಹಾಕಿ. ಕೆಲಸ ಆದ ಕೆಲವು ದಿನದಲ್ಲಿ ಜ್ವರ, ಮೈಕೈ ನೋವು ಬಂದ್ರೆ ಡಾಕ್ಟ್ರ ಹತ್ರ "ಅಟ್ಟದಲ್ಲಿ ಇಲಿ ಕಸ ತೆಗ್ದಿದ್ದೇನೆ" ಅಂತ ಹೇಳಿಯೇ ಹೇಳಿ.

ಮೈ ತುರಿಕೆ, ಕೆಮ್ಮು, ಹಾಸಿಗೆ ಮೇಲೆ ಹೊಳೆಯುವ ಧೂಳು

ಹಾಕಿದ ವಾರದಲ್ಲಿ ಸ್ವಲ್ಪ ತುರಿಕೆ ಮಾಮೂಲು, ನೂಲು ಚರ್ಮಕ್ಕೆ ಚುಚ್ಚುದು. ಉಜ್ಜಬಾರ್ದು, ಮೊದಲು ತಣ್ಣೀರು ಹೊಯ್ಕೊಳ್ಳಿ ಆಮೇಲೆ ಸಾಬೂನು. ಆ ಬಟ್ಟೆ ಬೇರೆಯೇ ಒಗೀರಿ. ತಿಂಗಳು ಕಳೆದ್ರೂ ಹಾಸಿಗೆ ಮೇಲೆ ಹೊಳೆಯುವ ಪುಡಿ ಬೀಳ್ತಾ ಇದ್ರೆ ಸೀಲಿಂಗಿನ ತೂತು ಎಲ್ಲೋ ತೆರೆದಿದೆ, ಅದನ್ನು ಮುಚ್ಚಬೇಕು. ಕ್ಯಾನ್ಸರ್ ಬರ್ತದಾ ಅಂತ ಕೇಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರ ವರದಿಯಲ್ಲಿ ಮನೆಗೆ ಹಾಕುವ ಗ್ಲಾಸ್‌ವುಲ್ಲನ್ನು ಮೂರನೇ ಗುಂಪಲ್ಲಿ ಇಟ್ಟಿದೆ, ಅಂದ್ರೆ ಕ್ಯಾನ್ಸರ್ ತರ್ತದೆ ಅಂತ ವರ್ಗೀಕರಿಸ್ಲಿಕ್ಕೆ ಆಧಾರ ಇಲ್ಲ ಅಂತ. ಹಾಗಂತ ಮಾಸ್ಕು ಬಿಡ್ಬೇಡಿ. ಆಸ್ತಮಾ ಇದ್ದವರಿಗೆ ಉಸಿರು ಕಟ್ಟಿದ್ರೆ, ಕಣ್ಣಲ್ಲಿ ನೂಲು ಕೂತು ತೊಳೆದ್ರೂ ಹೋಗದಿದ್ರೆ ಆಸ್ಪತ್ರೆಗೆ.

ಲೈಟು ಆರಿ ಆರಿ ಹತ್ತುದು, ಟ್ರಿಪ್ ಆಗುದು

ಅರ್ಧ ಗಂಟೆ ಉರಿದು ತಾನೇ ಆರಿ ಮತ್ತೆ ಹತ್ತುವ ಎಲ್‌ಇಡಿ ಡೌನ್‌ಲೈಟಿನ ಬೆನ್ನಿಗೆ ವುಲ್ ಹೊದೆಸಿರ್ತಾರೆ, ಅದರ ಬಿಸಿ ಹೋಗ್ಲಿಕ್ಕೆ ಜಾಗ ಇಲ್ಲ. ಸುತ್ತ 3 ಇಂಚು ಬಿಡಿಸಿ. ಗಾಜಿನ ನೂಲಿಗೆ ಬೆಂಕಿ ಹತ್ತುದಿಲ್ಲ, ಆದ್ರೆ ಅದಕ್ಕೆ ಅಂಟಿಸಿದ ಕಂದು ಕಾಗದಕ್ಕೆ ಹತ್ತುತ್ತದೆ. ವಯರು ವುಲ್ಲಿನ ಅಡಿ ಹೂತಿದ್ರೂ ಬಿಸಿ ಹೋಗುದಿಲ್ಲ, ಮುಖ್ಯವಾಗಿ ಎಸಿ ಮತ್ತೆ ಗೀಸರಿನ ವಯರು, ಅದನ್ನು ಮೇಲಕ್ಕೆ ಎತ್ತಿ ಕ್ಲಿಪ್ ಹೊಡೆಸಿ. ಮಳೆಗಾಲದಲ್ಲಿ ಮಾತ್ರ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ಲೈನು ಕಡಿಯುವ ಸ್ವಿಚ್ಚು) ಟ್ರಿಪ್ ಆಗುದಾದ್ರೆ ಒದ್ದೆ ವುಲ್ ಯಾವುದೋ ಜಂಕ್ಷನ್ ಬಾಕ್ಸಿಗೆ ತಾಗಿ ಕೂತಿದೆ ಅಂತ ಸಂಶಯ ಪಡಿ. ಇದನ್ನು ನೀವು ಹುಡುಕ್ಲಿಕ್ಕೆ ಹೋಗ್ಬೇಡಿ, ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಕೆಲಸ. ಟ್ರಿಪ್ ಆಗ್ತದೆ ಅಂತ ಇಎಲ್‌ಸಿಬಿಯನ್ನೇ ಬೈಪಾಸ್ ಮಾಡಿ ಕೊಡುವವನನ್ನು ಜಾಲಿನಿಂದಲೇ ವಾಪಸ್ ಕಳಿಸಿ.

ಬದಲಿಸುದೇ ಅಂತಾದ್ರೆ

ಜೂನ್ ಬರುವ ಮೊದಲು ಮುಗಿಸಿ, ಆಟಿಯ ಮಳೆಯಲ್ಲಿ ಮಾಡು ಬಿಚ್ಚಿ ಕೂರುದು ಬೇಡ. ಅಂಗಡಿಯಲ್ಲಿ ದಪ್ಪ ಮಾತ್ರ ಕೇಳ್ಬೇಡಿ, ಸಾಂದ್ರತೆಯೂ ಕೇಳಿ, ಒಂದು ಘನ ಮೀಟರಿಗೆ 12, 16, 24, 32, 48 ಕೆಜಿ ಹೀಗೆ ಬರ್ತದೆ. ಶೀಟಿನ ಅಡಿ ಕಟ್ಲಿಕ್ಕೆ 24ಕ್ಕಿಂತ ಕಮ್ಮಿಯದ್ದು ನಾನಾದ್ರೆ ತಕ್ಕೊಳ್ಳುದಿಲ್ಲ, ಬೇಗ ಜೋಲ್ತದೆ. ಸೀಲಿಂಗಿನ ಮೇಲೆ ಹಾಸ್ಲಿಕ್ಕೆ ಹಗುರದ್ದೂ ನಡಿತದೆ, ಅಲ್ಲಿ 50 ಎಂಎಂ ಬದಲು 100 ಎಂಎಂಗೆ ದುಡ್ಡು ಹಾಕಿ. ಕೆಲಸಕ್ಕೆ ಬರುವವರಲ್ಲಿ ಮಲಯಾಳ ಮಾತಾಡುವವರೂ ಹಿಂದಿ ಮಾತಾಡುವವರೂ ಇರ್ತಾರೆ, ಫಾಯಿಲು ಯಾವ ಕಡೆಗೆ ಅಂತ ಬಾಯಲ್ಲಿ ಹೇಳಿ ಆಚೆ ಹೋದ್ರೆ ಉಲ್ಟಾ ಆಗುದೇ ಜಾಸ್ತಿ. ಮೊದಲ ರೋಲು ನಿಮ್ಮ ಎದುರೇ ಹಾಸಿಸಿ ಫೋಟೋ ತೆಗೆದು ಅವರ ಫೋನಿಗೇ ಕಳಿಸಿ, ಬೋರ್ಡು ಮುಚ್ಚುವ ಮೊದಲು ಒಮ್ಮೆ ಹತ್ತಿ ಜಾಯಿಂಟಿನ ಟೇಪು, ಲೈಟಿನ ಸುತ್ತ ಬಿಟ್ಟ ಜಾಗ, ಸ್ಕೇಲಿಟ್ಟು ದಪ್ಪ, ಇಷ್ಟು ನೋಡಿಯೇ ಬಾಕಿ ದುಡ್ಡು ಕೊಡಿ.